ಕೊಯ್ದಷ್ಟೂ ಜೊಂಡು ಯಾಕೆ ಬೆಳೆಯುತ್ತದೆ

ಆಗ ಭೂಮಿ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಬೆಟ್ಟದ ಮೇಲೆ ನಡೆದರೆ ಹೆಜ್ಜೆ ಮೂಡುತ್ತಿತ್ತು. ನದಿಗಳು ಯಾವ ಕಡೆ ಹರಿಯಬೇಕು ಅಂತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿದ್ದವು. ಗಾಳಿಗೆ ಮಾತ್ರ ಯಾರನ್ನೂ ಕೇಳುವ ಅಭ್ಯಾಸ ಇರಲಿಲ್ಲ. ಅದು ಆಗಲೂ ಅಷ್ಟೆ, ಈಗಲೂ ಅಷ್ಟೆ.

ಈ ಕತೆ ಹೇಳುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ ಮಗೂ. ಬಂದರೆ ಬರಲಿ, ನೀನು ಕೇಳು.

ಆ ಕಾಲದಲ್ಲಿ ಒಂದು ಊರಿನವರೆಲ್ಲ ಸೇರಿ ಊರ ನಡುವೆ ಒಂದು ಕೊಳ ತೋಡಿದರು. ಸುತ್ತಲೂ ಹೊಂಗೆ ಮರ ನೆಟ್ಟರು. ಕೂರಲು ಕಲ್ಲು ಹಾಸಿದರು. ಪಾರ್ಕು ಅನ್ನುವ ಹೆಸರು ಆಗ ಇನ್ನೂ ಬಂದಿರಲಿಲ್ಲ. 'ಎಲ್ಲರ ಜಾಗ' ಅನ್ನುತ್ತಿದ್ದರು. ಮನುಷ್ಯರು, ಕಪ್ಪೆಗಳು, ಬೆಳ್ಳಕ್ಕಿಗಳು, ಯಾರು ಬೇಕಾದರೂ ಬಂದು ಕೂರಬಹುದಿತ್ತು. ಕೂರುವುದಕ್ಕೆ ಎಲ್ಲರೂ ಇದ್ದರು. ನೋಡಿಕೊಳ್ಳುವುದಕ್ಕೆ ಒಬ್ಬಳೇ ಇದ್ದಳು.

ಅವಳ ಹೆಸರು ದ್ಯಾವೀರಮ್ಮ. ಅವಳು ಆ ಕೊಳದ ನೀರುಗಂಟಿ, ಅಂದರೆ ನೀರು ಕಾಯುವವಳು. ಬೆಳಗಾದರೆ ದಡ ಗುಡಿಸುವಳು, ಬಿದ್ದ ಎಲೆ ಎತ್ತುವಳು, ಕಟ್ಟೆಯ ಬಿರುಕಿಗೆ ಮಣ್ಣು ಮೆತ್ತುವಳು. ಕೆಲಸ ಮುಗಿದ ಮೇಲೆ ಮೆಟ್ಟಿಲಲ್ಲಿ ಕೂತು ಕೊಳದ ಜೊತೆ ಮಾತಾಡುವಳು. ಅವಳಿಗೆ ಮಕ್ಕಳಿರಲಿಲ್ಲ, ಅಕ್ಕತಂಗಿಯರೂ ಇರಲಿಲ್ಲ. ಆ ಕೊಳವೇ ಎಲ್ಲ.

ಮೊದಲ ಮಳೆಗೆ ಕೊಳ ತುಂಬಿತು. ಕಣ್ಣು ಬಿಟ್ಟ ಕೊಳ ಮೊಟ್ಟಮೊದಲು ನೋಡಿದ್ದು ಆಕಾಶವನ್ನು.

"ಅದೇನು ದ್ಯಾವೀ, ಅಷ್ಟು ದೊಡ್ಡದು, ಅಷ್ಟು ನೀಲಿ?" ಅಂತ ಕೊಳ ಕೇಳಿತು.

"ಅದು ಆಕಾಶ ಕಣೇ ತಾಯೀ. ನಿನಗೇ ಅಂತಿಟ್ಕೊ," ಅಂದಳು ದ್ಯಾವೀರಮ್ಮ. ಅವತ್ತಿನಿಂದ ಕೊಳ ಇಡೀ ದಿನ ಆಕಾಶವನ್ನು ನೋಡುತ್ತಾ ಮಲಗಿರುತ್ತಿತ್ತು. ಬೇರೇನೂ ಅದಕ್ಕೆ ಬೇಕಾಗಿರಲಿಲ್ಲ.

ಹೊಸ ನೀರು ಬಂದರೆ ಬಾಗಿನ ಕೊಡಬೇಕಲ್ಲ? ಹೊಸ ಮೊರದಲ್ಲಿ ಚೆಂದದ ವಸ್ತುಗಳನ್ನು ಇಟ್ಟು, ಮೇಲೊಂದು ಮೊರ ಮುಚ್ಚಿ, ಅರಿಶಿನ ಕುಂಕುಮ ಹಚ್ಚಿ ನೀರಿಗೆ ಬಿಡುವುದು. ಮನೆಗೆ ಬಂದ ಮಗಳಿಗೆ ಮಡಿಲು ತುಂಬಿದ ಹಾಗೆ. ಊರಿನ ಹೆಂಗಸರು ಐದು ಜೊತೆ ಮೊರ ಹೆಣೆದರು. ಅಕ್ಕಿ ಇಟ್ಟರು, ಬೇಳೆ ಇಟ್ಟರು, ಬೆಲ್ಲ ಇಟ್ಟರು. ಆದರೆ ಬಳೆ ಎಲ್ಲಿಂದ ತರುವುದು? ಬಳೆ ಮಾಡುವವರು ಇನ್ನೂ ಹುಟ್ಟಿರಲಿಲ್ಲ. ಕನ್ನಡಿ ಇರಲಿಲ್ಲ, ಬಾಚಣಿಗೆ ಇರಲಿಲ್ಲ, ರವಿಕೆ ಕಣ ಅಂತೂ ಇರಲೇ ಇಲ್ಲ.

"ಬರೀ ಅಕ್ಕಿ ಬೇಳೆ ಕೊಟ್ರೆ ಕಣ್ಣಿಗೇನು ಚೆಂದ? ಇರಿ, ನಾನು ಹುಡುಕ್ಕೊಂಡು ಬತ್ತೀನಿ," ಅಂತ ದ್ಯಾವೀರಮ್ಮ ಹೊರಟಳು.

ಊರ ಹೊರಗೆ, ದಾರಿ ಪಕ್ಕದ ಚರಂಡಿಯಲ್ಲಿ, ಒಂದು ಗಿಡ ಕಾಲು ನೆನೆಸಿಕೊಂಡು ನಿಂತಿತ್ತು. ಅದೇ ಜೊಂಡು. ಲೋಕಕ್ಕೆಲ್ಲ ಆಗ ಇದ್ದದ್ದು ಆ ಒಂದೇ ಜೊಂಡಿನ ಬುಡ. ಅದರ ತುದಿಗಳಲ್ಲಿ ಉದ್ದುದ್ದ ತೆನೆ. ಒಳ್ಳೆ ಕಂದು ಬಣ್ಣ. ಮುಟ್ಟಿದರೆ ಕರುವಿನ ಮೂತಿಯಷ್ಟು ನುಣುಪು.

"ಅಕ್ಕಾ," ಅಂತ ಜೊಂಡು ತಲೆ ಬಾಗಿಸಿ ಕರೆಯಿತು. ಬಹಳ ವಿನಯ ಅದಕ್ಕೆ. ಅಷ್ಟು ವಿನಯ ಕಂಡರೆ ಹುಷಾರಾಗಿರಬೇಕು, ಆದರೆ ಲೋಕ ಹೊಸದಾಗಿತ್ತಲ್ಲ, ಅವಳಿಗೆ ಗೊತ್ತಿರಲಿಲ್ಲ. "ನನ್ನ ತೆನೆ ತಗೊಂಡು ಹೋಗಿ ಅಕ್ಕಾ. ನನಗೇನು ಬೇಕು? ಕಾಲಿಡೋಕೆ ಬೆರಳಗಲ ಜಾಗ. ಅಷ್ಟೇ."

ದ್ಯಾವೀರಮ್ಮ ಇಪ್ಪತ್ತೈದು ತೆನೆ ಮುರಿದು ತಂದಳು. ಮೊರಕ್ಕೆ ಐದರಂತೆ ಇಟ್ಟಳು. ಹೆಂಗಸರು ಹಾಡು ಹೇಳಿ ಬಾಗಿನ ಬಿಟ್ಟರು. ಐದು ಮೊರ ತೇಲುತ್ತಾ ತೇಲುತ್ತಾ ಕೊಳದ ನಡುವಿಗೆ ಹೋದವು.

ಆಗ ಬಂತು ಗಾಳಿ.

"ಒಳಗೇನಿದೆ?" ಅಂತ ಕೇಳಿತು. ಉತ್ತರಕ್ಕೆ ಕಾಯಲಿಲ್ಲ. ಮೇಲಿನ ಮೊರಗಳನ್ನು ಹಾರಿಸಿತು. ಮಾಗಿದ ತೆನೆಗಳು ಪಟ್ ಪಟ್ ಅಂತ ಒಡೆದವು. ಹಿಂಜಿದ ಹತ್ತಿಯ ಹಾಗೆ ಬೀಜ ಎದ್ದಿತು, ಕೊಳದ ತುಂಬಾ ಹಾರಿತು, ಈ ದಡಕ್ಕೂ ಆ ದಡಕ್ಕೂ ಹೋಗಿ ಇಳಿಯಿತು. ಊರಿನವರೆಲ್ಲ ಚಪ್ಪಾಳೆ ತಟ್ಟಿದರು. ಮೊದಲು ತಟ್ಟಿದವಳು ದ್ಯಾವೀರಮ್ಮ.

ಮೊದಲ ವರ್ಷ ದಡದ ಸುತ್ತ ಹಸಿರು ಗರಿಗಳು ಎದ್ದವು. "ಆಹಾ, ಏನು ಚೆಂದ," ಅಂದರು ಎಲ್ಲರೂ.

ಇರಲು ಜಾಗವಿಲ್ಲದೆ ಅಲೆಯುತ್ತಿದ್ದ ನಾಮದ ಕೋಳಿ ಅವುಗಳ ನಡುವೆ ತೇಲುವ ಗೂಡು ಕಟ್ಟಿತು. ನಾಮದ ಕೋಳಿ ಗೊತ್ತಲ್ಲ? ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ನಾಮ. "ಅಯ್ಯೋ ಪಾಪ, ಇರಲಿ," ಅಂದರು ಎಲ್ಲರೂ.

ಎರಡನೇ ವರ್ಷ ಜೊಂಡು ಅರ್ಧ ಕೊಳ ತಿಂದಿತು. "ಅರ್ಧ ಇನ್ನೂ ಇದೆಯಲ್ಲ," ಅಂದರು ಎಲ್ಲರೂ.

ಮೂರನೇ ವರ್ಷ ಕೊಳದಲ್ಲಿ ಉಳಿದ ತಿಳಿನೀರು ಒಂದು ಮನೆಯ ಅಂಗಳದಷ್ಟು. ಆಗ ಎಲ್ಲರಿಗೂ ಒಟ್ಟಿಗೇ ಸಿಟ್ಟು ಬಂತು. ಯಾರ ಮೇಲೆ ಅಂದುಕೊಂಡೆ? ದ್ಯಾವೀರಮ್ಮನ ಮೇಲೆ.

"ಬಿಸಿಲೇ ಬೀಳಲ್ಲ ದ್ಯಾವೀರಕ್ಕಾ, ಮೈ ಕಾಯಿಸೋದು ಎಲ್ಲಿ?" ಅಂತ ಕಪ್ಪೆ ವಟಗುಟ್ಟಿತು.

"ಮೀನು ಕಾಣಲ್ಲ. ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲಲಿ?" ಅಂತ ಬೆಳ್ಳಕ್ಕಿ ಕೊಕ್ಕು ತಿರುವಿತು.

"ನೀರುಗಂಟಿ ಅಂತ ಒಬ್ಬಳು ಇದ್ದೂ ಹಿಂಗಾದ್ರೆ ಹೆಂಗವ್ವಾ?" ಅಂತ ಊರ ಯಜಮಾನ ಸಿದ್ದಬೋರಣ್ಣ ಹೊಂಗೆ ಮರದ ಕೆಳಗೆ ಕೂತಲ್ಲಿಂದಲೇ ಕೇಳಿದ.

ದ್ಯಾವೀರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಸಾಕಪ್ಪಾ ಸಾಕು! ಕುಯ್ತೀನಿ, ಬಿಡಿ," ಅಂದಳು. ಕುಡುಗೋಲು ಮಸೆದು ದಡಕ್ಕೆ ಬಂದಳು.

ಮೂಡಣ ದಡದಲ್ಲಿ ಕೈ ಹಾಕಿದಳು. "ಇಲ್ಲಿ ಬೇಡ ಅಕ್ಕಾ!" ಅಂತ ಕಪ್ಪೆ ಹಾರಿಬಂತು. "ಇದರ ಕೆಳಗೆ ನನ್ನ ಮರಿಗಳಿವೆ. ಆ ಕಡೆ ಕೊಯ್ಯಿ."

ಆ ಕಡೆ ಹೋದಳು. "ಇಲ್ಲಿ ಬೇಡ!" ಅಂತ ಬೆಳ್ಳಕ್ಕಿ ರೆಕ್ಕೆ ಬಡಿಯಿತು. "ಇದರ ಮರೆಯಲ್ಲಿ ನಿಂತರೆ ಮೀನಿಗೆ ನಾನು ಕಾಣಲ್ಲ. ಈಚೆಗೆ ಕೊಯ್ಯಿ."

ಈಚೆಗೆ ಬಂದಳು. "ಇಲ್ಲಿ ಬ್ಯಾಡ ಕಣವ್ವಾ," ಅಂತ ಸಿದ್ದಬೋರಣ್ಣ ಕೈ ಎತ್ತಿದ. "ಮಧ್ಯಾಹ್ನ ಈ ಕಲ್ಲಿನ ಮೇಲೆ ಮಲಗಿದ್ರೆ ಜೊಂಡಿನ ತಂಪು ಚೆನ್ನಾಗದೆ. ಅಲ್ಲೆಲ್ಲಾದ್ರೂ ನೋಡ್ಕೋ."

ಎಲ್ಲರಿಗೂ ಜೊಂಡು ಹೋಗಬೇಕು. ಅವರವರ ಮುಂದಿನದು ಮಾತ್ರ ಉಳಿಯಬೇಕು. ಇಡೀ ದಿನ ಕೊಳ ಸುತ್ತಿದ ದ್ಯಾವೀರಮ್ಮ ಸಂಜೆ ಮನೆಗೆ ಹೋದಾಗ ಅವಳ ಕಂಕುಳಲ್ಲಿ ಇದ್ದದ್ದು ಒಂದು ಹಿಡಿ ಜೊಂಡು. ಅದನ್ನು ಮೂಲೆಗೆ ಎಸೆದು, ಊಟ ಕೂಡ ಮಾಡದೆ ಮಲಗಿದಳು. ನಾನಾಗಿದ್ದರೆ ಕುಡುಗೋಲನ್ನೇ ಎಸೆಯುತ್ತಿದ್ದೆ.

ಮಾರನೆಯ ದಿನ ಅವಳು ಯಾರ ಮಾತನ್ನೂ ಕೇಳಲಿಲ್ಲ. ಕಪ್ಪೆ ಕೂಗಲಿ, ಬೆಳ್ಳಕ್ಕಿ ಬಡಿದುಕೊಳ್ಳಲಿ, ಸೆರಗು ಸಿಕ್ಕಿಸಿಕೊಂಡು ದಡದಲ್ಲಿ ಬಗ್ಗಿ, ನೀರಿನ ಮೇಲೆ ಕಂಡದ್ದನ್ನೆಲ್ಲ ಸರಸರ ಕೊಯ್ದಳು. ಏಳು ದಿನ ಕೊಯ್ದಳು. ಎಂಟನೇ ದಿನ ನೋಡಿದರೆ, ಮೊದಲ ದಿನ ಕೊಯ್ದ ಜಾಗದಲ್ಲಿ ಜೊಂಡು ಮೊಣಕಾಲುದ್ದ ಎದ್ದಿತ್ತು.

"ಸಾಕಪ್ಪಾ ಸಾಕು! ನಿನಗೆ ನಾಚಿಕೆ ಅನ್ನೋದು ಇಲ್ವಾ?" ಅಂತ ದ್ಯಾವೀರಮ್ಮ ಕೂಗಿದಳು.

"ನಾನೇನು ಕರೆಯದೆ ಬಂದೆನಾ ಅಕ್ಕಾ?" ಅಂತ ಜೊಂಡು ತಲೆ ಬಾಗಿಸಿತು. ಅದೇ ವಿನಯ. "ಅರಿಶಿನ ಕುಂಕುಮ ಹಚ್ಚಿ, ಮೊರದಲ್ಲಿ ಕೂರಿಸಿ, ಹಾಡು ಹೇಳಿ ಕೊಳಕ್ಕೆ ಕೊಟ್ಟವರು ನೀವೇ ಅಲ್ವಾ? ಬಾಗಿನ ಕೊಟ್ಟು ವಾಪಸ್ ಕಿತ್ಕೊಳ್ಳೋ ಊರು ಎಲ್ಲಾದರೂ ಇದೆಯಾ?"

ಆ ಮಾತು ಊರಿಗೂ ನಿಜ ಅನ್ನಿಸಿತು. ಕೊಟ್ಟ ಬಾಗಿನ ಕೊಟ್ಟ ಹಾಗೆಯೇ. ಅದನ್ನು ಮುಟ್ಟುವಂತಿಲ್ಲ.

ಹೊಂಗೆ ಮರದ ಕೆಳಗೆ ಸಭೆ ಸೇರಿತು. ಸಿದ್ದಬೋರಣ್ಣ ಗಂಟಲು ಸರಿಮಾಡಿಕೊಂಡು, "ಜೊಂಡು ಹೇಳೋದರಲ್ಲೂ ನ್ಯಾಯ ಅದೆ," ಅಂದ. ಕಪ್ಪೆ, "ದ್ಯಾವೀರಕ್ಕ ಹೇಳೋದರಲ್ಲೂ ನ್ಯಾಯ ಇದೆ," ಅಂದಿತು. ಬೆಳ್ಳಕ್ಕಿ, "ಎರಡೂ ಕಡೆ ನೋಡಬೇಕು," ಅಂದಿತು. ಬೆಳಗಿನಿಂದ ಸಂಜೆಯ ತನಕ ಮಾತಾಡಿ, ಮುಂದಿನ ಅಮಾವಾಸ್ಯೆಗೆ ಮತ್ತೆ ಸೇರೋಣ ಅಂತ ತೀರ್ಮಾನ ಮಾಡಿ ಎದ್ದರು. ಮುಂದಿನ ಅಮಾವಾಸ್ಯೆಗೆ ಸೇರಿದರು. ಅದರ ಮುಂದಿನ ಅಮಾವಾಸ್ಯೆಗೆ ಸೇರೋಣ ಅಂದರು. ಜೊಂಡು ಮಾತ್ರ ಯಾವ ಅಮಾವಾಸ್ಯೆಗೂ ಕಾಯಲಿಲ್ಲ.

ಅಂಗಳದಷ್ಟಿದ್ದ ತಿಳಿನೀರು ಮಂಚದಷ್ಟಾಯಿತು. ಮಂಚದಷ್ಟಿದ್ದದ್ದು ಮೊರದಷ್ಟಾಯಿತು.

ಒಂದು ಬೆಳಗ್ಗೆ ದ್ಯಾವೀರಮ್ಮ ಮೆಟ್ಟಿಲಲ್ಲಿ ಕೂತು, "ತಾಯೀ," ಅಂತ ಕರೆದಳು. ಉತ್ತರ ಬರಲಿಲ್ಲ. ಮತ್ತೆ ಕರೆದಳು. ಬರಲಿಲ್ಲ. ಸೀರೆ ಎತ್ತಿ ಕಟ್ಟಿ, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಕೆಸರಿಗೆ ಇಳಿದಳು. ಎರಡೂ ಕೈಯಲ್ಲಿ ಜೊಂಡು ಸೀಳಿಕೊಂಡು, ಗರಿ ತಾಗಿ ಕೈಯೆಲ್ಲ ಗೀರಿಕೊಂಡು, ನಡುಕೊಳಕ್ಕೆ ಹೋದಳು. ಅಲ್ಲಿ ಮೊರದಗಲದ ನೀರು ಇನ್ನೂ ಮಿನುಗುತ್ತಿತ್ತು.

"ಬಂದೆಯಾ ದ್ಯಾವೀ," ಅಂತ ಕೊಳ ಮೆಲ್ಲಗೆ ಅಂದಿತು. "ನನಗೆ ಆಕಾಶ ಕಾಣ್ತಾ ಇಲ್ಲ. ನಿನ್ನೆ ಒಂದು ತುಣುಕು ಕಂಡಿತ್ತು. ಇಷ್ಟೂ ಮುಚ್ಚಿಹೋದರೆ ನಾನು ಬರೀ ಕೆಸರು. ಕೆಸರು ಒಣಗಿದರೆ ನೆಲ. ಆಮೇಲೆ ನಿನ್ನ ಜೊತೆ ಮಾತಾಡೋಕೆ ನಾನಿರಲ್ಲ."

ದ್ಯಾವೀರಮ್ಮನಿಗೆ ಅಳು ಬಂತು. ಅಳುವಿನ ಜೊತೆಗೇ ಸಿಟ್ಟೂ ಬಂತು.

"ಎಲ್ಲಾ ನಂದೇ ತಪ್ಪು ತಾಯೀ. ಚರಂಡಿಲಿ ನಿಂತಿದ್ದನ್ನ ನಾನೇ ತಂದು ನಿನ್ನ ಮಡಿಲಿಗೆ ಹಾಕ್ದೆ. ನೀನಾದ್ರೂ ಬ್ಯಾಡ ಅನ್ನಬಾರದಾಗಿತ್ತಾ?"

"ಪ್ರೀತಿಯಿಂದ ತಂದಿದ್ದೆ. ಹೇಗೆ ಬೇಡ ಅನ್ನಲಿ?"

"ಥೂ! ಇದೇ ಆಯ್ತು ನಿನ್ನದು. ಕೊಟ್ಟಿದ್ದನ್ನೆಲ್ಲಾ ತಗೋ, ತಗೊಂಡು ಒಳಗೇ ಇಟ್ಕೋ. ಐದು ಮೊರ ಬಾಗಿನ ಕೊಟ್ವಿ. ಮೂರು ವರ್ಷ ಆಯ್ತು. ಒಂದು ಮೊರದಲ್ಲಾದ್ರೂ ತಿರುಗಿ ಏನಾದ್ರೂ ಇಟ್ಟು ಕೊಟ್ಟೆಯಾ? ಯಾರಾದ್ರೂ ಬಾಗಿನದ ಮೊರ ತಗೊಂಡು ಸುಮ್ಮನೆ ಕೂತ್ಕೋತಾರಾ? ಒಂದು ಹಿಡಿ ಅಕ್ಕಿಯಾದ್ರೂ..."

ದ್ಯಾವೀರಮ್ಮ ಥಟ್ಟನೆ ಮಾತು ನಿಲ್ಲಿಸಿದಳು.

ಬಾಗಿನ ಕೊಟ್ಟವರು ಕಿತ್ತುಕೊಳ್ಳುವಂತಿಲ್ಲ, ನಿಜ. ಆದರೆ ತೆಗೆದುಕೊಂಡವರು ತಿರುಗಿ ಬಾಗಿನ ಕೊಡಬಹುದು. ಕೊಡಬಹುದು ಏನು, ಕೊಡಲೇಬೇಕು. ಈ ಊರಿನ ಹೆಂಗಸರೆಲ್ಲರಿಗೂ ಅದು ಗೊತ್ತು. ಅಮಾವಾಸ್ಯೆ ಅಮಾವಾಸ್ಯೆಗೆ ಸಭೆಯಲ್ಲಿ ಕೂತ ಯಾರಿಗೂ ಅದು ಹೊಳೆದಿರಲಿಲ್ಲ.

"ತಾಯೀ," ಅಂದಳು ದ್ಯಾವೀರಮ್ಮ, "ನಂಗೆ ಬಾಗಿನ ಕೊಡು."

"ನನ್ನ ಹತ್ತಿರ ಏನಿದೆ ಕೊಡೋಕೆ?"

"ಇದೇ! ಈ ಹಾಳು ಜೊಂಡು! ನೀನಾಗೇ ಕೊಡು, ನಾನು ಮಡಿಲೊಡ್ಡಿ ತಗೋತೀನಿ. ಅದ್ಯಾರು ಕೇಳ್ತಾರೋ ನೋಡ್ತೀನಿ."

ಅವಳು ಕೆಸರಿನಲ್ಲೇ ನಿಂತು ಸೆರಗು ಒಡ್ಡಿದಳು. ಕೊಳ ಹೇಳಿತು, "ಕೊಟ್ಟೆ ದ್ಯಾವೀ. ನಾನು ಹೊರಲಾರದಷ್ಟನ್ನು ನಿನಗೆ ಕೊಟ್ಟೆ. ನೀರಿನ ಮೇಲೆ ಕೊಯ್ಯಬೇಡ. ಜೊಂಡಿನ ದಂಟಿನೊಳಗೆ ಉಸಿರು ಹೋಗುವ ದಾರಿ ಇದೆ. ನನ್ನೊಳಗೆ ಕೈ ಹಾಕಿ, ಬುಡದಲ್ಲಿ ಕೊಯ್ಯಿ. ಮೇಲೆ ನಾನು ಮುಚ್ಚಿಕೊಳ್ತೀನಿ, ಬೇರಿಗೆ ಉಸಿರು ಸಿಗಲ್ಲ."

ದ್ಯಾವೀರಮ್ಮ ಮೊಣಕೈ ತನಕ, ಆಮೇಲೆ ಭುಜದ ತನಕ ಕೈ ಇಳಿಸಿದಳು. ಕಣ್ಣಿಗೆ ಏನೂ ಕಾಣುವುದಿಲ್ಲ, ಗಲ್ಲ ನೀರಿಗೆ ತಾಗುತ್ತದೆ, ಕಾಲು ಹೂತುಹೋಗುತ್ತದೆ. ತಡವಿ ತಡವಿ ಬುಡ ಹಿಡಿದು ಕೊಯ್ದಳು. ಗುಳುಗುಳು ಅಂತ ಒಂದಿಷ್ಟು ಗುಳ್ಳೆ ಎದ್ದವು. ನೀರು ಮೇಲೆ ಮುಚ್ಚಿಕೊಂಡಿತು. ಅಲ್ಲಿ ಮತ್ತೆ ಏನೂ ಏಳಲಿಲ್ಲ.

"ಅಕ್ಕಾ, ಇದು ಅನ್ಯಾಯ," ಅಂತ ಜೊಂಡು ಸುಯ್ಯೆಂದಿತು.

"ಕೊಳ ನಂಗೆ ಕೊಟ್ಟಿದೆ. ಬಾಗಿನ ಬ್ಯಾಡ ಅನ್ನೋಕಾಗತ್ತಾ?" ಅಂದಳು ದ್ಯಾವೀರಮ್ಮ.

ಕಪ್ಪೆ ಬಂತು, "ಇಲ್ಲಿ ಬೇಡ" ಅನ್ನಲು. ಬೆಳ್ಳಕ್ಕಿ ಬಂತು. ಸಿದ್ದಬೋರಣ್ಣ ತನ್ನ ಕಲ್ಲಿನಿಂದ ಎದ್ದು ಬಂದ. ದ್ಯಾವೀರಮ್ಮ ನೀರಿನಿಂದ ತಲೆ ಎತ್ತಿ ಒಂದು ಸಲ ನೋಡಿದಳು. ಆ ಮುಖ ನೋಡಿ ಕಪ್ಪೆ, ಬೆಳ್ಳಕ್ಕಿ ಹಿಂದಕ್ಕೆ ಸರಿದವು. "ತಂಪು ಬೇಕಾದ್ರೆ ಕೊಯ್ದಿದ್ದನ್ನ ಎತ್ತಿ ದಡಕ್ಕೆ ಹಾಕಣ್ಣಾ, ಚಾಪೆ ಹೆಣೆದು ಕೊಡ್ತೀನಿ," ಅಂದಳು. ಸಿದ್ದಬೋರಣ್ಣ ಗೊಣಗಿಕೊಂಡು ಪಂಚೆ ಎತ್ತಿ ಕಟ್ಟಿದ. ಅವನನ್ನು ನೋಡಿ ಊರಿನವರೂ ಒಬ್ಬೊಬ್ಬರಾಗಿ ಇಳಿದರು.

ಹದಿನೈದು ದಿನ ಕೊಯ್ದರು. ಕೊನೆಗೆ ಪಡುವಣ ಮೂಲೆ ಒಂದು ಉಳಿಯಿತು.

"ಅದು ಬೇಡ ದ್ಯಾವೀ," ಅಂದಿತು ಕೊಳ.

ದ್ಯಾವೀರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನೀನೂ ಶುರು ಮಾಡಿದೆಯಾ? ಇಷ್ಟು ಜನ ಬ್ಯಾಡ ಬ್ಯಾಡ ಅಂದಿದ್ದು ಸಾಲದಾ? ಅದೊಂದು ಬಿಟ್ರೆ ಅಲ್ಲಿಂದಲೇ ಮತ್ತೆ ಹಬ್ಬತ್ತೆ. ಮುಂದಿನ ವರ್ಷ ಮತ್ತೆ ನಾನೇ ಇಳೀಬೇಕು. ಅದರ ಮುಂದಿನ ವರ್ಷಾನೂ ನಾನೇ. ಈಗ ತೆಗೆದುಬಿಟ್ರೆ ಒಂದೇ ಸಲಕ್ಕೆ ಪೀಡೆ ಕಳೀತದೆ!"

"ಒಳಗೆ ನೋಡು," ಅಂದಿತು ಕೊಳ.

ದ್ಯಾವೀರಮ್ಮ ಕುಡುಗೋಲಿನ ತುದಿಯಿಂದ ಜೊಂಡು ಸರಿಸಿದಳು. ಒಳಗೆ ನಾಮದ ಕೋಳಿ ಕೂತಿತ್ತು. ಹದಿನೈದು ದಿನದಿಂದ ಸುತ್ತಲೂ ಜೊಂಡು ಬೀಳುವ ಸದ್ದು ಕೇಳುತ್ತಾ, ಎದ್ದು ಹಾರದೆ, ಹೊಟ್ಟೆಯ ಕೆಳಗೆ ಆರು ಮೊಟ್ಟೆ ಇಟ್ಟುಕೊಂಡು ನಡುಗುತ್ತಾ ಕೂತಿತ್ತು. ಉಳಿದವರೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂಗಾಡಿದ್ದರು. ಅದು ಮಾತ್ರ ಒಂದು ಮಾತೂ ಆಡಿರಲಿಲ್ಲ.

"ಮೀನು ಎಲ್ಲಾದರೂ ಸಿಗತ್ತೆ. ತಂಪು ಮರದ ಕೆಳಗೂ ಇದೆ," ಅಂದಿತು ಕೊಳ. "ಇದಕ್ಕೆ ಜೊಂಡು ಬಿಟ್ಟರೆ ಬೇರೆ ಮನೆ ಇಲ್ಲ."

ದ್ಯಾವೀರಮ್ಮ ಕುಡುಗೋಲು ಕೆಳಗಿಳಿಸಿದಳು. ಅವಳ ಕೈಯಲ್ಲಿ ಗೀರು, ಕಾಲಲ್ಲಿ ಜಿಗಣೆ, ಸೊಂಟ ಹಿಡಿದುಕೊಂಡಿತ್ತು. ಇನ್ನೊಂದೇ ಮೂಲೆ. ಒಂದು ಗಳಿಗೆಯ ಕೆಲಸ. ಅದನ್ನು ಬಿಟ್ಟರೆ ಬದುಕಿರುವ ತನಕ ವರ್ಷ ವರ್ಷವೂ ಇದೇ ಗೋಳು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ನಿನ್ನ ಕಟ್ಕೊಂಡು ನಂಗೆ ಸಾಕಾಯ್ತು ತಾಯೀ," ಅಂದಳು. ಸರಿಸಿದ ಜೊಂಡನ್ನು ಮೊದಲಿನ ಹಾಗೆ ಗೂಡಿನ ಮೇಲೆ ಬಾಗಿಸಿದಳು. ಹಿಂದಕ್ಕೆ ತಿರುಗಿ, ಅಲೆ ಏಳದ ಹಾಗೆ ಮೆಲ್ಲ ಮೆಲ್ಲಗೆ ನಡೆದು ದಡ ಹತ್ತಿದಳು.

ಅವಳ ಬೆನ್ನ ಹಿಂದೆ ನೀರು ನಿಂತಿತು. ಒಂದು ಮೋಡ ಬಂದು ಕೊಳದೊಳಗೆ ಇಳಿಯಿತು. "ದ್ಯಾವೀ, ಕಂಡಿತು! ಇಡೀ ಆಕಾಶ ಕಂಡಿತು!" ಅಂತ ಕೊಳ ಕೂಗಿಕೊಂಡಿತು. ದ್ಯಾವೀರಮ್ಮ ತಿರುಗಿ ನೋಡಿದಳು, ಮೂಗೊರೆಸಿಕೊಂಡಳು, ಕಾಲಿನ ಜಿಗಣೆ ಕಿತ್ತು ಎಸೆದಳು.

ಮುಂದಿನ ವರ್ಷ ಏನಾಯಿತು ಅಂತ ಕೇಳುತ್ತೀಯಾ? ಅದೇ ಆಯಿತು. ಆ ಮೂಲೆಯಿಂದ ಜೊಂಡು ಹಬ್ಬಿತು, ದ್ಯಾವೀರಮ್ಮ ಬೈದುಕೊಂಡು ಇಳಿದಳು, ಬುಡದಲ್ಲಿ ಕೊಯ್ದಳು, ಮೂಲೆ ಬಿಟ್ಟು ಬಂದಳು. ಅದರ ಮುಂದಿನ ವರ್ಷವೂ ಅದೇ. ಅವಳ ಕೈ ನಡುಗುವ ಕಾಲ ಬಂದಾಗ ಕುಡುಗೋಲು ಇನ್ನೊಬ್ಬರ ಕೈಗೆ ಹೋಯಿತು, ಅವರಿಂದ ಮತ್ತೊಬ್ಬರ ಕೈಗೆ. ಬೈಗುಳವೂ ಜೊತೆಗೇ ಹೋಯಿತು.

ಅದಕ್ಕೇ ಮಗೂ, ಇವತ್ತಿಗೂ ಮಳೆ ನಿಂತ ಮೇಲೆ ನಮ್ಮ ಪಾರ್ಕಿನ ಕೊಳದಲ್ಲಿ ಎದೆಮಟ್ಟ ನೀರಿಗೆ ಇಳಿದು, "ಇದೇನು ಪೀಡೆಯಪ್ಪಾ, ಹೋದ ವರ್ಷ ತಾನೇ ಕೊಯ್ದಿದ್ವಲ್ಲ" ಅಂತ ಶಪಿಸುತ್ತಾ ಜೊಂಡು ಕೊಯ್ಯುವವರು, ಒಂದು ಮೂಲೆಗೆ ಬಂದಾಗ ಮಾತ್ರ ಬೈಗುಳ ನಿಲ್ಲಿಸಿ, ಒಳಗೆ ಒಂದು ಸಲ ಇಣುಕಿ, ಸದ್ದಾಗದ ಹಾಗೆ ಹಿಂದಕ್ಕೆ ಬರುತ್ತಾರೆ.